ಉದ್ಯೋಗ ಮೇಳದಲ್ಲಿ ಸಾಫ್ಟ್‌ವೇರ್ ಸಂದರ್ಶನ: ಹೊಸ ಪದವೀಧರರಿಗೆ ಹಂತ ಹಂತದ ಮಾರ್ಗದರ್ಶಿ

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ದಿನಗಳಲ್ಲಿ ಓದುಗರು ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗುವುದೇ ಇಲ್ಲ: ಉದ್ಯೋಗ ಮೇಳಕ್ಕೆ ಹೋಗಿದ್ದೆ, ಹತ್ತು ಮಳಿಗೆಗಳಲ್ಲಿ ರೆಸ್ಯೂಮೆ ಕೊಟ್ಟೆ, ಎರಡು ಕಡೆ ಸಂದರ್ಶನವನ್ನೂ ಮಾಡಿದರು, ಆಮೇಲೆ ಯಾರೂ ಕರೆಯಲಿಲ್ಲ; ಎಲ್ಲಿ ತಪ್ಪಿತು? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ, ಮೇಜಿನ ಆ ಬದಿಯಲ್ಲಿ ಕುಳಿತು ಸಂದರ್ಶನ ಮಾಡುವಾಗ ಕಂಡದ್ದನ್ನು ಒಟ್ಟಾಗಿ ಬರೆದಿಡುವುದು ಮೇಲೆಂದು ಈ ಲೇಖನ. ಬಿಇ, ಬಿಸಿಎ, ಬಿಎಸ್ಸಿ ಅಥವಾ ಎಂಸಿಎ ಮುಗಿಸಿ ಸಾಫ್ಟ್‌ವೇರ್ ಕೆಲಸ ಹುಡುಕುತ್ತಿರುವ ಹೊಸಬರಿಗಾಗಿ, ಅಂದರೆ ಕಂಪನಿಗಳ ಮಾತಿನಲ್ಲಿ ‘ಫ್ರೆಶರ್’ಗಳಿಗಾಗಿ, ಇದನ್ನು ಬರೆದಿದ್ದೇನೆ.

ಕಚೇರಿಯಲ್ಲಿ ನಡೆಯುವ ಸಂದರ್ಶನಕ್ಕೂ ಮೇಳದ ಸಂದರ್ಶನಕ್ಕೂ ಇರುವ ದೊಡ್ಡ ವ್ಯತ್ಯಾಸ ಸಮಯದ್ದು. ಕಚೇರಿಯಲ್ಲಿ ಮುಕ್ಕಾಲು ಗಂಟೆ ಸಿಗಬಹುದು. ಮೇಳದಲ್ಲಿ ಹತ್ತು ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಸಂದರ್ಶಕರು ನಿಮ್ಮ ರೆಸ್ಯೂಮೆಯನ್ನು ಮೊದಲ ಬಾರಿಗೆ ನೋಡುವುದೇ ನೀವು ಎದುರಿನ ಕುರ್ಚಿಯಲ್ಲಿ ಕುಳಿತ ಮೇಲೆ. ನಿಮಗೆಂದೇ ಪ್ರಶ್ನೆ ಸಿದ್ಧಪಡಿಸಿಕೊಳ್ಳಲು ಅವರಿಗೆ ಪುರುಸೊತ್ತಿರುವುದಿಲ್ಲ, ಆದ್ದರಿಂದ ಹಾಳೆಯ ಮೇಲೆ ಕಣ್ಣಿಗೆ ಬಿದ್ದ ಪದವನ್ನೇ ಹಿಡಿದು ಕೇಳುತ್ತಾರೆ. ಹೀಗಾಗಿ ಮೇಳದಲ್ಲಿ ನಿಮ್ಮ ರೆಸ್ಯೂಮೆಯೇ ಪ್ರಶ್ನೆಪತ್ರಿಕೆ, ಮತ್ತು ಆ ಪ್ರಶ್ನೆಪತ್ರಿಕೆಯನ್ನು ಬರೆಯುವವರು ನೀವೇ. ಕೆಳಗಿನ ಹಂತಗಳಲ್ಲಿ ಬಹುಪಾಲು ಈ ಒಂದು ಮಾತನ್ನೇ ಆಧರಿಸಿವೆ.

ಹಂತ 1: ಅದು ಎಂತಹ ಮೇಳ ಎಂಬುದನ್ನು ತಿಳಿದುಕೊಳ್ಳಿ

ಮೇಳ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ನೇಮಕಾತಿಗಳು ನಡೆಯುತ್ತವೆ. ಒಂದು ಕಾಲೇಜು ಆತಿಥ್ಯ ವಹಿಸಿ ಸುತ್ತಲಿನ ಹಲವು ಕಾಲೇಜುಗಳ ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸುವುದು ‘ಪೂಲ್ಡ್ ಡ್ರೈವ್’. ಕಂಪನಿಯೇ ತನ್ನ ಕಚೇರಿಗೆ ನೇರವಾಗಿ ಬರಹೇಳುವುದು ‘ವಾಕ್-ಇನ್’. ಸರ್ಕಾರ ಅಥವಾ ಜಿಲ್ಲಾಡಳಿತ ನಡೆಸುವ ಉದ್ಯೋಗ ಮೇಳ ಮೂರನೆಯದು. 2024ರ ಫೆಬ್ರುವರಿ 26 ಮತ್ತು 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ್ಯ ಸರ್ಕಾರ ನಡೆಸಿದ ಯುವ ಸಮೃದ್ಧಿ ಸಮ್ಮೇಳನ ಇದಕ್ಕೆ ಉದಾಹರಣೆ. ಸರ್ಕಾರಿ ಮೇಳಗಳಿಗೆ ಸಾಮಾನ್ಯವಾಗಿ ರಾಜ್ಯದ ‘ಸ್ಕಿಲ್ ಕನೆಕ್ಟ್’ ಜಾಲತಾಣದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಬೇಕಾಗುತ್ತದೆ, ಮತ್ತು ಅದಕ್ಕೆ ಶುಲ್ಕವಿಲ್ಲ.

ಪೂಲ್ಡ್ ಡ್ರೈವ್‌ಗೆ ಬರುವುದು ಒಂದೆರಡು ಕಂಪನಿಗಳು. ಅಲ್ಲಿ ಲಿಖಿತ ಪರೀಕ್ಷೆಯಲ್ಲಿ ಸೋಸಿದ ಮೇಲೆಯೇ ಸಂದರ್ಶನ. ಸರ್ಕಾರಿ ಮೇಳದಲ್ಲಿ ಮಾರಾಟ, ಬ್ಯಾಂಕಿಂಗ್, ಕಾರ್ಖಾನೆ, ಕಾಲ್ ಸೆಂಟರ್ ಎಲ್ಲವೂ ಒಂದೇ ಚಾವಣಿಯ ಕೆಳಗಿರುತ್ತವೆ, ಸಾಫ್ಟ್‌ವೇರ್ ಕಂಪನಿಗಳು ಅವುಗಳಲ್ಲಿ ಒಂದು ಭಾಗ ಮಾತ್ರ. ಬರಲಿರುವ ಕಂಪನಿಗಳ ಪಟ್ಟಿ ಸಿಕ್ಕಿದ ಕೂಡಲೇ ಪ್ರತಿ ಕಂಪನಿಯ ‘ಜೆಡಿ’ಯನ್ನು, ಅಂದರೆ ಹುದ್ದೆಯ ಕೆಲಸವೇನು, ಅರ್ಹತೆಯೇನು ಎಂದು ವಿವರಿಸುವ ಟಿಪ್ಪಣಿಯನ್ನು, ಪೂರ್ತಿ ಓದಿ. ಹುದ್ದೆಯ ಹೆಸರನ್ನು ನಂಬಬೇಡಿ. ‘ಟೆಕ್ನಿಕಲ್ ಅಸೋಸಿಯೇಟ್’ ಎಂಬ ಹೆಸರಿನ ಕೆಳಗೆ ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವ ಕೆಲಸವಿರಬಹುದು. ಅದು ಕೀಳಾದ ಕೆಲಸವೇನೂ ಅಲ್ಲ, ಆದರೆ ನೀವು ಕೋಡ್ ಬರೆಯಲು ಹೊರಟಿದ್ದರೆ ಸರದಿಯಲ್ಲಿ ನಿಲ್ಲುವ ಮೊದಲೇ ಅದು ಗೊತ್ತಿರಬೇಕು. ಕೆಲವು ಮಳಿಗೆಗಳು ಕೊಡುವುದು ಕಾಯಂ ಕೆಲಸವಲ್ಲ, ಒಂದು ವರ್ಷದ ಅಪ್ರೆಂಟಿಸ್‌ಶಿಪ್. ಅಲ್ಲಿ ಸಂಬಳದ ಬದಲು ಸ್ಟೈಪೆಂಡ್ ಇರುತ್ತದೆ. ಇನ್ನು ಕೆಲವು ಕಡೆ ಕೆಲಸ ಒಂದು ಕಂಪನಿಯಲ್ಲಿ, ಸಂಬಳ ಇನ್ನೊಂದು ಕಂಪನಿಯಿಂದ. ಇದಕ್ಕೆ ‘ಥರ್ಡ್ ಪಾರ್ಟಿ ಪೇರೋಲ್’ ಎನ್ನುತ್ತಾರೆ. ಎರಡನ್ನೂ ಒಪ್ಪಿಕೊಳ್ಳಬಹುದು, ಆದರೆ ತಿಳಿದು ಒಪ್ಪಿಕೊಳ್ಳಿ.

ಹೆಸರು ಕೇಳಿರದ ಕಂಪನಿಯಾದರೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ನೋಂದಣಿಯನ್ನು ಹುಡುಕಿ ನೋಡಿ. ನೋಂದಾಯಿತ ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದಕ್ಕೆ ‘ಸಿಐಎನ್’ ಎಂದು ಹೆಸರು. ಮೊದಲ ಅಕ್ಷರ ಮತ್ತು ಅದರ ನಂತರದ ಐದು ಅಂಕಿಗಳನ್ನು ದಾಟಿದರೆ ಕಂಪನಿ ನೋಂದಣಿಯಾದ ರಾಜ್ಯವನ್ನು ಸೂಚಿಸುವ ಎರಡು ಅಕ್ಷರ, ಆಮೇಲೆ ಸ್ಥಾಪನೆಯಾದ ವರ್ಷದ ನಾಲ್ಕು ಅಂಕಿ ಸಿಗುತ್ತವೆ. ‘ಹದಿನೈದು ವರ್ಷಗಳ ಅನುಭವವುಳ್ಳ ಸಂಸ್ಥೆ’ ಎಂದು ಮಳಿಗೆಯ ಮೇಲೆ ಬರೆದುಕೊಂಡ ಕಂಪನಿಯ ಸಂಖ್ಯೆಯಲ್ಲಿ ಹೋದ ವರ್ಷದ ಇಸವಿ ಇದ್ದರೆ, ಎಚ್ಚರ ವಹಿಸಲು ಅಷ್ಟು ಸಾಕು.

ಹಂತ 2: ರೆಸ್ಯೂಮೆಯನ್ನು ಒಂದೇ ಪುಟಕ್ಕೆ ಇಳಿಸಿ

ಕೆಲಸದ ಅನುಭವವಿಲ್ಲದವರಿಗೆ ಒಂದು ಪುಟ ಬೇಕಾದಷ್ಟಾಯಿತು. ಹೆಸರು, ಫೋನ್, ಇಮೇಲ್, ವಿದ್ಯಾಭ್ಯಾಸ, ತಿಳಿದಿರುವ ಭಾಷೆಗಳು ಮತ್ತು ಉಪಕರಣಗಳು, ಎರಡು ಪ್ರಾಜೆಕ್ಟ್, ಇದ್ದರೆ ಇಂಟರ್ನ್‌ಶಿಪ್. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ‘ಮೇಲೆ ತಿಳಿಸಿದ್ದೆಲ್ಲವೂ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಘೋಷಣೆ, ಇವು ಯಾವುವೂ ಬೇಕಿಲ್ಲ. ಹಳೆಯ ಮಾದರಿಗಳನ್ನು ಸೈಬರ್ ಸೆಂಟರ್‌ನಿಂದ ಸೈಬರ್ ಸೆಂಟರ್‌ಗೆ ನಕಲು ಮಾಡುತ್ತ ಬಂದ ಕಾರಣ ಅವು ಇನ್ನೂ ಉಳಿದುಕೊಂಡಿವೆ.

ಅತಿ ಹೆಚ್ಚು ಜನ ಎಡವುವುದು ಕೌಶಲಗಳ ಪಟ್ಟಿಯಲ್ಲಿ. ಸಿ, ಸಿ ಪ್ಲಸ್ ಪ್ಲಸ್, ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್, ರಿಯಾಕ್ಟ್, ಮಷಿನ್ ಲರ್ನಿಂಗ್, ಕ್ಲೌಡ್ ಎಂದು ಒಂದೇ ಸಾಲಿನಲ್ಲಿ ಎಂಟು ಹೆಸರು ಪೋಣಿಸಿದರೆ, ಸಂದರ್ಶಕರು ಆ ಎಂಟರಲ್ಲಿ ನಿಮಗೆ ಅತಿ ಕಡಿಮೆ ಗೊತ್ತಿರುವುದನ್ನೇ ಆರಿಸಿಕೊಳ್ಳುವ ಸಾಧ್ಯತೆಯನ್ನು ನೀವಾಗಿಯೇ ಅವರಿಗೆ ಕೊಟ್ಟಂತಾಗುತ್ತದೆ. ಪೆನ್ಸಿಲ್ ಹಿಡಿದು ಕುಳಿತು ಪ್ರತಿ ಪದದ ಮುಂದೆ ಅದರ ಬಗ್ಗೆ ಕೇಳಬಹುದಾದ ಐದು ಪ್ರಶ್ನೆ ಬರೆಯಿರಿ. ಮೂರಕ್ಕಾದರೂ ಉತ್ತರ ಗೊತ್ತಿಲ್ಲದಿದ್ದರೆ ಆ ಪದವನ್ನು ಅಳಿಸಿ. ಒಂದು ಪ್ರೋಗ್ರಾಮಿಂಗ್ ಭಾಷೆ, ಎಸ್‌ಕ್ಯುಎಲ್ ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳಿ ಪಡೆಯುವ ಭಾಷೆ, ಮತ್ತು ಅರ್ಥವಾಗುವಂತೆ ಮಾಡಿದ ಒಂದು ಪ್ರಾಜೆಕ್ಟ್, ಇಷ್ಟೇ ಉಳಿದರೂ ಅದು ಗಟ್ಟಿಯಾದ ರೆಸ್ಯೂಮೆ.

ಪ್ರಾಜೆಕ್ಟ್ ವಿಷಯದಲ್ಲಿ ಕಟುವಾಗಿಯೇ ಹೇಳಬೇಕಾಗಿದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಹಣ ಕೊಟ್ಟು ತರುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆ ಎಂಬುದು ಸಂದರ್ಶಕರಿಗೂ ಗೊತ್ತು, ಏಕೆಂದರೆ ಅವರಲ್ಲಿ ಅನೇಕರು ಇದೇ ಕಾಲೇಜುಗಳಲ್ಲಿ ಓದಿದವರು. ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆ ಎಂದು ನೀವು ಬರೆದಿದ್ದರೆ, ಎಷ್ಟು ಫೋಟೊಗಳಿಂದ ಅದನ್ನು ಕಲಿಸಿದಿರಿ, ಇಬ್ಬರು ಒಟ್ಟಿಗೆ ಕ್ಯಾಮೆರಾದ ಮುಂದೆ ಬಂದರೆ ಏನಾಗುತ್ತದೆ, ಯಾರಾದರೂ ಫೋನಿನಲ್ಲಿ ಗೆಳೆಯನ ಚಿತ್ರ ತೋರಿಸಿ ಹಾಜರಿ ಹಾಕಿಸಿಕೊಂಡರೆ ಹೇಗೆ ತಡೆಯುತ್ತೀರಿ ಎಂಬ ಮೂರು ಪ್ರಶ್ನೆಗಳಲ್ಲಿ ಅದು ಯಾರ ಕೆಲಸವೆಂಬುದು ಬಯಲಾಗುತ್ತದೆ. ಮೂರನೆಯ ಪ್ರಶ್ನೆಗೆ ‘ನಮ್ಮ ವ್ಯವಸ್ಥೆಯಲ್ಲಿ ಅದನ್ನು ತಡೆಯಲು ಆಗಲಿಲ್ಲ’ ಎಂದು ಒಪ್ಪಿಕೊಂಡವರಿಗೆ ಅಂಕ ಕಡಿಮೆಯಾಗುವುದಿಲ್ಲ. ಕೆಲಸ ಮಾಡಿದವರಿಗೆ ಮಾತ್ರ ಅದರ ಮಿತಿ ಗೊತ್ತಿರುತ್ತದೆ. ತಂಡದ ಪ್ರಾಜೆಕ್ಟ್ ಆಗಿದ್ದರೆ ನೀವು ಮಾಡಿದ ಭಾಗ ಯಾವುದೆಂದು ರೆಸ್ಯೂಮೆಯಲ್ಲೇ ಬರೆಯಿರಿ. ನಿಮ್ಮ ಪ್ರಾಜೆಕ್ಟ್ ಹಣ ಕೊಟ್ಟು ತಂದದ್ದೇ ಆಗಿದ್ದರೆ, ಈಗಲೂ ಸಮಯವಿದೆ: ಅದನ್ನು ತೆಗೆದುಹಾಕಿ, ಎರಡು ವಾರ ಕುಳಿತು ಊರಿನ ಗ್ರಂಥಾಲಯಕ್ಕೋ ಮನೆಯ ಕಿರಾಣಿ ಅಂಗಡಿಯ ಲೆಕ್ಕಕ್ಕೋ ಆಗುವಂತಹ ಸಣ್ಣದೊಂದನ್ನು ಸ್ವತಃ ಮಾಡಿ.

ಇತ್ತೀಚೆಗೆ ಚಾಟ್‌ಜಿಪಿಟಿಯಂತಹ ಸಾಧನಗಳಿಂದ ರೆಸ್ಯೂಮೆ ಬರೆಸುವವರು ಹೆಚ್ಚು. ವ್ಯಾಕರಣ ತಿದ್ದಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಒಂದೇ ಬೆಳಗಿನಲ್ಲಿ ಇಪ್ಪತ್ತು ರೆಸ್ಯೂಮೆ ನೋಡುವವರಿಗೆ ಇಪ್ಪತ್ತರಲ್ಲೂ ಒಂದೇ ಬಗೆಯ ಹೊಗಳಿಕೆಯ ಸಾಲು ಕಂಡರೆ ಅದನ್ನು ಓದುವುದನ್ನೇ ಬಿಡುತ್ತಾರೆ.

ಹಂತ 3: ಕಾಗದಪತ್ರಗಳು ಮತ್ತು ಅರ್ಹತೆಯ ಲೆಕ್ಕ

ಬಹಳಷ್ಟು ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ ಮತ್ತು ಪದವಿ ಮೂರರಲ್ಲೂ ಶೇ 60 ಕೇಳುತ್ತವೆ; ಇದನ್ನೇ ‘ಸಿಕ್ಸ್ಟಿ ಥ್ರೂಔಟ್’ ಎನ್ನುವುದು. ‘ನೋ ಆ್ಯಕ್ಟಿವ್ ಬ್ಯಾಕ್‌ಲಾಗ್’ ಎಂದರೆ ಪಾಸಾಗದೆ ಉಳಿದ ವಿಷಯ ಈಗ ಇರಬಾರದು ಎಂದರ್ಥ. ಹಿಂದೆ ಫೇಲಾಗಿ ಆಮೇಲೆ ಪಾಸಾದದ್ದು ಇದರಡಿ ಬರುವುದಿಲ್ಲ, ಕಂಪನಿ ಪ್ರತ್ಯೇಕವಾಗಿ ಹೇಳಿದ್ದರೆ ಮಾತ್ರ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವಾಗ ಕಣ್ಣುಮುಚ್ಚಿ ಹತ್ತರಿಂದ ಗುಣಿಸಬೇಡಿ, ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ಸೂತ್ರವಿಲ್ಲ. ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಸ್ಕೀಮ್‌ಗೆ ನಿಗದಿಪಡಿಸಿದ ಸೂತ್ರವನ್ನೇ ಬಳಸಿ. ಒಂದೆರಡು ಅಂಕ ಏರಿಸಿ ಬರೆಯುವ ಆಸೆ ಬರುವುದು ಇಲ್ಲಿಯೇ. ಕೆಲಸಕ್ಕೆ ಸೇರುವ ಮುನ್ನ ಅಥವಾ ಸೇರಿದ ಮೇಲೂ ಹೊರಗಿನ ಸಂಸ್ಥೆಯಿಂದ ದಾಖಲೆಗಳ ಪರಿಶೀಲನೆ ನಡೆಯುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಹೋಗುವುದು ಬರೀ ಸಂದರ್ಶನವಲ್ಲ, ಸೇರಿದ ಕೆಲಸ.

ಒಯ್ಯಬೇಕಾದವು: ರೆಸ್ಯೂಮೆಯ ಎಂಟು ಹತ್ತು ಪ್ರತಿ, ಎಲ್ಲ ಅಂಕಪಟ್ಟಿಗಳ ಎರಡು ಸೆಟ್ ಜೆರಾಕ್ಸ್, ಪ್ರಾವಿಷನಲ್ ಪದವಿ ಪ್ರಮಾಣಪತ್ರ ಬಂದಿದ್ದರೆ ಅದರ ಪ್ರತಿ, ಗುರುತಿನ ಚೀಟಿ, ಪಾಸ್‌ಪೋರ್ಟ್ ಅಳತೆಯ ಫೋಟೊ, ಎರಡು ಪೆನ್ನು, ಖಾಲಿ ಹಾಳೆ, ನೀರು. ಮೂಲ ಅಂಕಪಟ್ಟಿಗಳನ್ನು ತೋರಿಸಲು ಒಯ್ಯಬಹುದು, ಆದರೆ ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಫೋನ್ ಪೂರ್ತಿ ಚಾರ್ಜ್ ಆಗಿರಲಿ. ಆನ್‌ಲೈನ್ ಪರೀಕ್ಷೆಯ ಕೊಂಡಿಯನ್ನು ಮೈದಾನದಲ್ಲೇ ಕಳಿಸಿ ‘ಈಗಲೇ ಬರೆಯಿರಿ’ ಎನ್ನುವುದೂ ಉಂಟು.

ಹಂತ 4: ಮಳಿಗೆಗಳ ಸರದಿ

ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ದೊಡ್ಡ ಹೆಸರಿನ ಕಂಪನಿಯ ಮುಂದೆ ಸರದಿ ತಕ್ಷಣ ಬೆಳೆಯುತ್ತದೆ, ಮಧ್ಯಾಹ್ನದ ತನಕ ಅಲ್ಲೇ ನಿಂತು ಉಳಿದೆಲ್ಲವನ್ನೂ ಕಳೆದುಕೊಂಡವರು ಬಹಳ. ಹಿಂದಿನ ರಾತ್ರಿಯೇ ನಾಲ್ಕೈದು ಕಂಪನಿಗಳನ್ನು ಆರಿಸಿಟ್ಟುಕೊಳ್ಳಿ. ಮೊದಲು ಪಟ್ಟಿಯಲ್ಲಿ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹೋಗಿ. ಗಂಟಲು ಒಣಗುವುದು, ಮಾತು ತಡವರಿಸುವುದು ಏನಿದ್ದರೂ ಅಲ್ಲಿ ಮುಗಿದು ಹೋಗಲಿ. ಎರಡನೆಯ ಸಂದರ್ಶನದ ಹೊತ್ತಿಗೆ ನಿಮ್ಮ ಮನಸ್ಸಿಗೆ ಹತ್ತಿರವಾದ ಕಂಪನಿಯ ಮುಂದಿರಿ. ಕಂಪನಿ ಟೋಕನ್ ಕೊಡುತ್ತಿದ್ದರೆ ಮೊದಲು ಟೋಕನ್ ಪಡೆದುಕೊಂಡು, ನಿಮ್ಮ ಸಂಖ್ಯೆ ಎಷ್ಟು ಹೊತ್ತಿಗೆ ಬರಬಹುದೆಂದು ವಿಚಾರಿಸಿ, ನಡುವಿನ ಸಮಯದಲ್ಲಿ ಮತ್ತೊಂದು ಕಡೆ ಹೋಗಬಹುದು.

ಲಿಖಿತ ಪರೀಕ್ಷೆ ಇದ್ದರೆ ಅದರಲ್ಲಿ ಶೇಕಡಾವಾರು, ಸಮಯ ಮತ್ತು ಕೆಲಸ, ವೇಗ ಮತ್ತು ದೂರ, ಸರಣಿಯ ಮುಂದಿನ ಸಂಖ್ಯೆ, ಇಂಗ್ಲಿಷ್ ಓದಿ ಉತ್ತರಿಸುವುದು, ಜೊತೆಗೆ ‘ಈ ಕೋಡ್ ಏನನ್ನು ಮುದ್ರಿಸುತ್ತದೆ’ ಎಂಬಂತಹ ಪ್ರಶ್ನೆಗಳಿರುತ್ತವೆ. ಬರೆಯಲು ಕುಳಿತ ಕೂಡಲೇ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ ಎಂಬುದನ್ನು ನೋಡಿ. ಕಳೆಯದಿದ್ದರೆ ಒಂದನ್ನೂ ಖಾಲಿ ಬಿಡಬೇಡಿ.

ಹಂತ 5: ತಾಂತ್ರಿಕ ಸಂದರ್ಶನ

ಕೆಲಸ ಸಿಗುವುದೂ ತಪ್ಪುವುದೂ ಇಲ್ಲೇ ಆದ್ದರಿಂದ ಇದನ್ನು ವಿವರವಾಗಿ ನೋಡೋಣ.

‘ನಿಮ್ಮ ಬಗ್ಗೆ ಹೇಳಿ’ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಒಂದರಿಂದ ಒಂದೂವರೆ ನಿಮಿಷ ಸಾಕು. ಊರು, ತಂದೆ ತಾಯಿ, ಹವ್ಯಾಸ ಎಂದು ಬಾಯಿಪಾಠ ಒಪ್ಪಿಸುವ ಬದಲು, ಏನು ಓದಿದಿರಿ, ಯಾವ ಭಾಷೆಯಲ್ಲಿ ಕೋಡ್ ಬರೆಯುತ್ತೀರಿ, ಯಾವ ಪ್ರಾಜೆಕ್ಟ್ ಮಾಡಿದಿರಿ, ಅದರಲ್ಲಿ ಕಷ್ಟವೆನಿಸಿದ್ದು ಯಾವುದು ಎಂಬ ನಾಲ್ಕು ವಾಕ್ಯ ಹೇಳಿ, ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ಮಾತು ನಿಲ್ಲಿಸಿ. ಕೊನೆಯಲ್ಲಿ ಕೇಳಿದ ಪದವನ್ನು ಹಿಡಿದು ಮುಂದಿನ ಪ್ರಶ್ನೆ ಹಾಕುವುದು ಸಂದರ್ಶಕರ ಸಹಜ ಪ್ರವೃತ್ತಿ.

ಆಮೇಲೆ ಬರುವುದು ಕೋಡ್. ಮೇಳದಲ್ಲಿ ಸಾಮಾನ್ಯವಾಗಿ ಕಾಗದದ ಮೇಲೆಯೇ ಬರೆಯಿಸುತ್ತಾರೆ. ಕಂಪ್ಯೂಟರ್ ತಾನಾಗಿ ಪದ ಪೂರ್ತಿ ಮಾಡಿಕೊಡುವುದಕ್ಕೆ ಒಗ್ಗಿಹೋದ ಕೈಗೆ ಇದು ನಿಜವಾಗಿಯೂ ಕಷ್ಟ, ಆದ್ದರಿಂದ ಮನೆಯಲ್ಲಿ ಪೆನ್ನು ಹಿಡಿದು ಬರೆದೇ ಅಭ್ಯಾಸ ಮಾಡಿ. ಒಂದು ಉದಾಹರಣೆ ನೋಡಿ. ‘ಒಂದು ಅರೇಯಲ್ಲಿ ಎರಡನೆಯ ಅತಿ ದೊಡ್ಡ ಸಂಖ್ಯೆ ಹುಡುಕಿ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಅರೇ ಎಂದರೆ ಒಂದೇ ಬಗೆಯ ಮೌಲ್ಯಗಳ ಸಾಲು.

ಪೆನ್ನು ಎತ್ತುವ ಮೊದಲು ಪ್ರಶ್ನೆ ಕೇಳಿ. ಸಾಲಿನಲ್ಲಿ 7, 3, 9, 9, 4 ಇದ್ದರೆ ಉತ್ತರ 9 ಎಂದೋ 7 ಎಂದೋ? ಋಣ ಸಂಖ್ಯೆಗಳು ಬರಬಹುದೇ? ಒಂದೇ ಸಂಖ್ಯೆ ಇದ್ದರೆ ಏನು ಹೇಳಬೇಕು? ಇದನ್ನು ಕೇಳಿದರೆ ದಡ್ಡರೆಂದು ತಿಳಿಯುತ್ತಾರೆಂಬ ಭಯ ಅನೇಕರಿಗಿದೆ. ನಿಜಕ್ಕೂ ಆಗುವುದು ಇದಕ್ಕೆ ವಿರುದ್ಧ: ಪ್ರಶ್ನೆ ಬೇಕೆಂದೇ ಅಸ್ಪಷ್ಟವಾಗಿರುತ್ತದೆ, ನೀವು ಕೇಳುತ್ತೀರೋ ಇಲ್ಲವೋ ಎಂಬುದೂ ಪರೀಕ್ಷೆಯ ಭಾಗ.

ಉತ್ತರ 7 ಎಂದು ಅವರು ಹೇಳಿದರೆನ್ನೋಣ. ಮೊದಲಿಗೆ ಸುಲಭದ ದಾರಿಯನ್ನು ಬಾಯಲ್ಲಿ ಹೇಳಿ: ಸಂಖ್ಯೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೊದಲನೆಯದಕ್ಕಿಂತ ಭಿನ್ನವಾದ ಮೊದಲ ಸಂಖ್ಯೆಯನ್ನು ಆರಿಸುವುದು. ಆಮೇಲೆ, ಇಷ್ಟಕ್ಕೆ ಇಡೀ ಸಾಲನ್ನು ಜೋಡಿಸುವ ಶ್ರಮ ಬೇಕಿಲ್ಲ, ಒಂದೇ ಸಲ ಸಾಲಿನುದ್ದಕ್ಕೂ ಹೋದರೂ ಸಾಕು ಎಂದು ಎರಡನೆಯ ದಾರಿಯನ್ನು ಹೇಳಿ: ‘ದೊಡ್ಡದು’, ‘ಎರಡನೆಯದು’ ಎಂಬ ಎರಡು ಪೆಟ್ಟಿಗೆ ಇಟ್ಟುಕೊಂಡು, ಬಂದ ಸಂಖ್ಯೆ ‘ದೊಡ್ಡದು’ಕ್ಕಿಂತ ಹೆಚ್ಚಿದ್ದರೆ ಹಳೆಯ ದೊಡ್ಡದನ್ನು ಎರಡನೆಯ ಪೆಟ್ಟಿಗೆಗೆ ಇಳಿಸಿ ಹೊಸದನ್ನು ಮೇಲಿಡುವುದು. ಸಾಲಿನಲ್ಲಿರುವ ಸಂಖ್ಯೆಗಳ ಎಣಿಕೆಯನ್ನು ‘ಎನ್’ ಎಂದುಕೊಂಡರೆ, ಜೋಡಿಸುವ ದಾರಿಗೆ ತಗಲುವ ಶ್ರಮ ಎನ್ ಲಾಗ್ ಎನ್‌ಗೆ ಅನುಗುಣವಾಗಿ ಬೆಳೆಯುತ್ತದೆ, ಒಂದೇ ಓಟದ ದಾರಿಗೆ ಎನ್‌ಗೆ ಅನುಗುಣವಾಗಿ. ಈ ಅಳತೆಗೆ ‘ಟೈಮ್ ಕಾಂಪ್ಲೆಕ್ಸಿಟಿ’ ಎನ್ನುತ್ತಾರೆ, ಮತ್ತು ಇದನ್ನು ಕೇಳದೆ ಬಿಡುವುದು ಅಪರೂಪ.

ಇಲ್ಲಿ ಮೂರು ಹಳ್ಳಗಳಿವೆ. ಮೊದಲನೆಯದು, ಎರಡೂ ಪೆಟ್ಟಿಗೆಗಳಲ್ಲಿ ಆರಂಭಕ್ಕೆ 0 ಇಡುವುದು. ಸಂಖ್ಯೆಗಳು –5, –2, –8 ಆಗಿದ್ದರೆ ಸಾಲಿನಲ್ಲೇ ಇಲ್ಲದ 0 ಉತ್ತರವಾಗಿ ಬರುತ್ತದೆ. ಎರಡನೆಯದು, ಸಂಖ್ಯೆ ‘ದೊಡ್ಡದು’ಕ್ಕಿಂತ ಕಡಿಮೆಯಿದ್ದು ‘ಎರಡನೆಯದು’ಕ್ಕಿಂತ ಹೆಚ್ಚಿದ್ದಾಗ ಏನು ಮಾಡಬೇಕೆಂಬುದನ್ನು ಬರೆಯದೆ ಬಿಡುವುದು, 9, 3, 7 ಬಂದಾಗ 7 ಎಲ್ಲಿಯೂ ಸೇರದೆ ಹೋಗುತ್ತದೆ. ಮೂರನೆಯದು, ಎರಡನೆಯ 9 ಬಂದಾಗ ಅದನ್ನು ಎರಡನೆಯ ಪೆಟ್ಟಿಗೆಗೆ ಹಾಕಿಬಿಡುವುದು. ಬರೆದು ಮುಗಿಸಿದ ಮೇಲೆ ಹಾಳೆಯನ್ನು ಕೂಡಲೇ ಕೊಡಬೇಡಿ. 7, 3, 9, 9, 4 ಎಂಬ ಸಾಲನ್ನೇ ತೆಗೆದುಕೊಂಡು ಪ್ರತಿ ಸಂಖ್ಯೆಯಲ್ಲೂ ಎರಡು ಪೆಟ್ಟಿಗೆಗಳ ಮೌಲ್ಯವೇನೆಂದು ಸಂದರ್ಶಕರಿಗೆ ಕೇಳಿಸುವಂತೆ ಹೇಳುತ್ತ ಬನ್ನಿ. ಇದಕ್ಕೆ ‘ಡ್ರೈ ರನ್’ ಎಂದು ಹೆಸರು. ತಪ್ಪನ್ನು ಅವರು ಹುಡುಕುವ ಮುನ್ನ ನೀವೇ ಹುಡುಕಿ ತಿದ್ದಿದರೆ, ಮೊದಲೇ ಸರಿ ಬರೆದವರಿಗಿಂತ ಕೆಲವೊಮ್ಮೆ ಹೆಚ್ಚಿನ ಒಲವು ಸಿಗುತ್ತದೆ, ಏಕೆಂದರೆ ಕೆಲಸಕ್ಕೆ ಸೇರಿದ ಮೇಲೆ ದಿನವೂ ಮಾಡಬೇಕಾದದ್ದು ಅದೇ.

ಇದೇ ಪ್ರಶ್ನೆ ವೇಷ ಬದಲಿಸಿ ಡೇಟಾಬೇಸ್ ಭಾಗದಲ್ಲೂ ಬರುತ್ತದೆ: ‘ಉದ್ಯೋಗಿಗಳ ಕೋಷ್ಟಕದಿಂದ ಎರಡನೆಯ ಅತಿ ಹೆಚ್ಚು ಸಂಬಳ ತೆಗೆಯಿರಿ.’ ಅತಿ ಹೆಚ್ಚು ಸಂಬಳವನ್ನು ಒಳಗಿನ ಪ್ರಶ್ನೆಯಲ್ಲಿ ಪಡೆದು, ಅದಕ್ಕಿಂತ ಕಡಿಮೆಯಿರುವವುಗಳಲ್ಲಿ ಗರಿಷ್ಠವನ್ನು ಹೊರಗಿನ ಪ್ರಶ್ನೆಯಲ್ಲಿ ಕೇಳುವುದು ಸರಳ ಉತ್ತರ. ಇದರ ಜೊತೆ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಅಂಕಣ. ಜಾಯಿನ್, ಅಂದರೆ ಎರಡು ಕೋಷ್ಟಕಗಳನ್ನು ಬೆಸೆಯುವುದು. ನಾರ್ಮಲೈಸೇಷನ್, ಅಂದರೆ ಒಂದೇ ಮಾಹಿತಿ ಹಲವು ಕಡೆ ಪುನರಾವರ್ತನೆಯಾಗದಂತೆ ಕೋಷ್ಟಕಗಳನ್ನು ಒಡೆಯುವುದು, ಇವುಗಳನ್ನು ನಿಮ್ಮದೇ ಪ್ರಾಜೆಕ್ಟಿನ ಕೋಷ್ಟಕಗಳಿಂದ ಉದಾಹರಣೆ ಕೊಟ್ಟು ವಿವರಿಸಲು ಬರಬೇಕು. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ನಾಲ್ಕು ತತ್ವಗಳು, ಅರೇಗೂ ಲಿಂಕ್ಡ್ ಲಿಸ್ಟ್‌ಗೂ ಇರುವ ವ್ಯತ್ಯಾಸ, ಪ್ರೊಸೆಸ್ ಮತ್ತು ಥ್ರೆಡ್, ಇವೂ ಮತ್ತೆ ಮತ್ತೆ ಬರುವಂಥವು. ‘ಇನ್‌ಹೆರಿಟೆನ್ಸ್ ಎಂದರೇನು’ ಎಂದಾಗ ಎಲ್ಲರೂ ತಂದೆ-ಮಗನ ಆಸ್ತಿಯ ಉದಾಹರಣೆಯನ್ನೇ ಕೊಡುತ್ತಾರೆ. ನೀವು ನಿಮ್ಮ ಕೋಡ್‌ನಿಂದ ಕೊಡಿ.

ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರ್‌ಗೆ ಬರುವವರಿಗೆ ‘ನಿಮ್ಮ ವಿಷಯ ಬಿಟ್ಟು ಇಲ್ಲಿಗೇಕೆ’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ‘ಇಲ್ಲಿ ಅವಕಾಶ ಹೆಚ್ಚು’ ಎನ್ನುವ ಬದಲು, ನೀವಾಗಿ ಕಲಿತು ಮಾಡಿದ ಒಂದು ಸಣ್ಣ ಪ್ರೋಗ್ರಾಮನ್ನು ಮುಂದಿಡಿ. ನಿಮ್ಮ ಮೂಲ ವಿಷಯದ ಬಗ್ಗೆಯೂ ಒಂದೆರಡು ಪ್ರಶ್ನೆ ಬರುತ್ತವೆ, ನಾಲ್ಕು ವರ್ಷ ಓದಿದ್ದನ್ನಾದರೂ ತಿಳಿದಿದ್ದೀರಾ ಎಂದು ನೋಡಲು.

ಗೊತ್ತಿಲ್ಲದ ಪ್ರಶ್ನೆ ಬಂದೇ ಬರುತ್ತದೆ. ‘ಇದು ನನಗೆ ಗೊತ್ತಿಲ್ಲ’ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ, ಸಮೀಪದ ವಿಷಯ ಗೊತ್ತಿದ್ದರೆ ‘ಇದಕ್ಕೆ ಹತ್ತಿರವಾದ ಇಂತಹುದನ್ನು ಬಳಸಿದ್ದೇನೆ’ ಎಂದು ಸೇರಿಸಿ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಎರಡು ನಿಮಿಷ ಮಾತಾಡಿದರೆ ಹತ್ತು ನಿಮಿಷದಲ್ಲಿ ಎರಡು ನಿಮಿಷ ವ್ಯರ್ಥವಾಯಿತು, ಹೇಳಿದ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಯಿತು.

ಇಂಗ್ಲಿಷಿನ ಬಗ್ಗೆ ಒಂದು ಮಾತು, ಏಕೆಂದರೆ ಕನ್ನಡ ಮಾಧ್ಯಮದಲ್ಲಿ ಓದಿದವರ ಪತ್ರಗಳೆಲ್ಲ ಇದರಿಂದಲೇ ಆರಂಭವಾಗುತ್ತವೆ. ತಾಂತ್ರಿಕ ಸಂದರ್ಶನದಲ್ಲಿ ಅಳೆಯುವುದು ಉಚ್ಚಾರಣೆಯ ಬೆಡಗನ್ನಲ್ಲ, ಮಾಡಿದ ಕೆಲಸವನ್ನು ಕ್ರಮವಾಗಿ ಹೇಳಬಲ್ಲಿರೋ ಎಂಬುದನ್ನು. ಚಿಕ್ಕ ವಾಕ್ಯಗಳು ಸಾಕು. ಕನ್ನಡದಲ್ಲಿ ಯೋಚಿಸಿ ಆಮೇಲೆ ಇಂಗ್ಲಿಷಿಗೆ ತಿರುಗಿಸುವ ಅಭ್ಯಾಸವಿದ್ದರೆ ನಡುವೆ ಎರಡು ಕ್ಷಣ ಮೌನವಾಗುತ್ತದೆ; ಆಗಲಿ. ಮಾಡಬೇಕಾದ ಅಭ್ಯಾಸವೆಂದರೆ, ನಿಮ್ಮ ಪ್ರಾಜೆಕ್ಟನ್ನು ಇಂಗ್ಲಿಷಿನಲ್ಲಿ ಮೂರು ನಿಮಿಷ ವಿವರಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ನೀವೇ ಕೇಳಿ, ಮರುದಿನ ಮತ್ತೆ ಹೇಳುವುದು. ಹತ್ತು ದಿನ ಮಾಡಿದರೆ ಬೇಕಾದ ಪದಗಳು ನಾಲಿಗೆಯ ಮೇಲಿರುತ್ತವೆ. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿರೆಂದು ಕೇಳಿ. ಮೇಳದ ಗದ್ದಲದಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಎದುರಿಗಿರುವವರು ಕನ್ನಡದವರೆಂದು ಹೆಸರಿನಿಂದ ಊಹಿಸಿ ನೀವಾಗಿ ಕನ್ನಡಕ್ಕೆ ಹೊರಳಬೇಡಿ. ಅವರೇ ಕನ್ನಡದಲ್ಲಿ ಕೇಳಿದರೆ ಸಂಕೋಚವಿಲ್ಲದೆ ಕನ್ನಡದಲ್ಲಿ ಉತ್ತರಿಸಿ.

ಹಂತ 6: ಎಚ್‌ಆರ್ ಸುತ್ತು

ಕಂಪನಿಯ ಸಿಬ್ಬಂದಿ ವಿಭಾಗದವರು ನಡೆಸುವ ಈ ಸುತ್ತು ಚಿಕ್ಕದು. ಬೇರೆ ಊರಿಗೆ ಹೋಗಲು ಸಿದ್ಧರಿದ್ದೀರಾ, ಪಾಳಿಯಲ್ಲಿ ಕೆಲಸ ಮಾಡುತ್ತೀರಾ, ಯಾವಾಗ ಸೇರಬಲ್ಲಿರಿ, ಉನ್ನತ ವ್ಯಾಸಂಗದ ಯೋಚನೆ ಇದೆಯೇ, ಓದಿನ ನಡುವೆ ಒಂದು ವರ್ಷ ಖಾಲಿ ಬಿಟ್ಟದ್ದೇಕೆ, ಇಷ್ಟೇ ಸಾಮಾನ್ಯವಾಗಿ ಕೇಳುವುದು. ಮನೆಯಲ್ಲಿ ಮಾತಾಡಿಕೊಂಡು ಬಂದಿದ್ದರೆ ಇವಕ್ಕೆ ಒಂದೇ ವಾಕ್ಯದ ಉತ್ತರ ಸಾಕು. ‘ಅಪ್ಪನನ್ನು ಕೇಳಿ ಹೇಳುತ್ತೇನೆ’ ಎಂದರೆ ಅಲ್ಲಿಗೆ ಮುಗಿಯಿತು. ‘ನಮಗೇನಾದರೂ ಕೇಳುವುದಿದೆಯೇ’ ಎಂದಾಗ ತರಬೇತಿ ಎಷ್ಟು ತಿಂಗಳು, ಯಾವ ತಂತ್ರಜ್ಞಾನದಲ್ಲಿ, ಮುಂದಿನ ಸುತ್ತಿನ ವಿಷಯ ಎಷ್ಟು ದಿನದಲ್ಲಿ ಯಾವ ಇಮೇಲ್‌ನಿಂದ ತಿಳಿಯುತ್ತದೆ ಎಂದು ಕೇಳಿ, ಆ ಇಮೇಲ್ ವಿಳಾಸವನ್ನು ಅಲ್ಲಿಯೇ ಬರೆದುಕೊಳ್ಳಿ.

ಹಂತ 7: ಹಣ ಕೇಳುವವರು

ನೋಂದಣಿ ಶುಲ್ಕ, ಭದ್ರತಾ ಠೇವಣಿ, ಲ್ಯಾಪ್‌ಟಾಪ್ ಶುಲ್ಕ, ತರಬೇತಿ ಶುಲ್ಕ, ಹೆಸರು ಯಾವುದಾದರೂ ಇರಲಿ, ಕೆಲಸ ಕೊಡಲು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಮೇಳದ ಹೊರಗೆ ಪಾಂಪ್ಲೆಟ್ ಹಂಚುತ್ತ ‘ನೂರಕ್ಕೆ ನೂರು ಕೆಲಸ ಖಚಿತ’ ಎನ್ನುವ ತರಬೇತಿ ಕೇಂದ್ರಗಳು, ‘ಬ್ಯಾಕ್‌ಡೋರ್’ನಲ್ಲಿ ದೊಡ್ಡ ಕಂಪನಿಗೆ ಸೇರಿಸುತ್ತೇವೆ ಎನ್ನುವ ಮಧ್ಯವರ್ತಿಗಳು, ಇಲ್ಲದ ಅನುಭವಕ್ಕೆ ಪ್ರಮಾಣಪತ್ರ ಮಾಡಿಕೊಡುವವರು, ಇವರೆಲ್ಲರ ವ್ಯಾಪಾರ ನಡೆಯುವುದು ಎರಡು ಮೂರು ಮೇಳಗಳಲ್ಲಿ ಸೋತು ಕುಗ್ಗಿದವರನ್ನು ನಂಬಿಕೊಂಡು. ಮೇಳದ ಮರುವಾರ ಕಂಪನಿಯ ಹೆಸರಿನಲ್ಲಿ ಬರುವ ಇಮೇಲ್‌ನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ, ನೀವು ಬರೆದುಕೊಂಡು ಬಂದದ್ದರೊಡನೆ ಹೋಲಿಸಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ. ಅದು ಸೈಬರ್ ವಂಚನೆಗಳ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹಂತ 8: ಆಫರ್ ಪತ್ರವನ್ನು ಓದುವುದು

ಆಯ್ಕೆಯಾದವರಿಗೆ ಮೊದಲು ಬರುವುದು ಅನೇಕ ಸಲ ‘ಲೆಟರ್ ಆಫ್ ಇಂಟೆಂಟ್’. ಅದು ನೇಮಕ ಮಾಡಿಕೊಳ್ಳುವ ಇರಾದೆಯನ್ನು ತಿಳಿಸುವ ಪತ್ರವೇ ಹೊರತು ನೇಮಕಾತಿ ಆದೇಶವಲ್ಲ.

ಅದರಲ್ಲಿರುವ ‘ಸಿಟಿಸಿ’ ಎಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ನಿಮ್ಮ ಕೈಗೆ ಬರುವ ಸಂಬಳವಲ್ಲ. ವರ್ಷಕ್ಕೆ 3,60,000 ರೂಪಾಯಿ ಎಂದರೆ ತಿಂಗಳಿಗೆ 30,000 ಎಂದು ಲೆಕ್ಕ ಹಾಕಿ ಮನೆಗೆ ಹೇಳಿಬಿಡುವವರೇ ಹೆಚ್ಚು. ಮೂಲ ವೇತನ ತಿಂಗಳಿಗೆ 15,000 ಎಂದಿಟ್ಟುಕೊಂಡು ಒಂದು ಮಾದರಿ ಲೆಕ್ಕ ನೋಡಿ. ಕಾರ್ಯಕ್ಷಮತೆ ನೋಡಿ ಕೊಡುವ ಬದಲಾಗುವ ಭಾಗ 36,000. ಭವಿಷ್ಯ ನಿಧಿಗೆ ಕಂಪನಿಯ ಪಾಲು ಮೂಲ ವೇತನದ ಶೇ 12, ಅಂದರೆ ತಿಂಗಳಿಗೆ 1,800ರಂತೆ ವರ್ಷಕ್ಕೆ 21,600. ಗ್ರಾಚ್ಯುಟಿಗೆಂದು, ಅಂದರೆ ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡುವ ಮೊತ್ತಕ್ಕೆಂದು, ಮೂಲ ವೇತನದ ಶೇ 4.81, ಸುಮಾರು 8,660. ಆರೋಗ್ಯ ವಿಮೆ 6,000. ಇಷ್ಟನ್ನು ಕಳೆದರೆ ಉಳಿಯುವುದು ತಿಂಗಳಿಗೆ ಸುಮಾರು 23,980. ಅದರಲ್ಲಿ ಭವಿಷ್ಯ ನಿಧಿಗೆ ನಿಮ್ಮ ಪಾಲಿನ 1,800 ಹೋದರೆ ಕೈಗೆ ಬರುವುದು 22,180ರ ಆಸುಪಾಸು. ತಿಂಗಳ ಸಂಬಳ 25,000 ಮುಟ್ಟದ ಕಾರಣ ಕರ್ನಾಟಕದ ವೃತ್ತಿ ತೆರಿಗೆ ಇದಕ್ಕೆ ಅನ್ವಯಿಸುವುದಿಲ್ಲ. ಪ್ರತಿ ಕಂಪನಿಯ ವಿಂಗಡಣೆ ಬೇರೆ. ಆದ್ದರಿಂದ ವಿಂಗಡಣೆಯ ಪಟ್ಟಿಯನ್ನು ಕೇಳಿ ಪಡೆದೇ ಬೆಂಗಳೂರಿನ ಪಿಜಿ ಬಾಡಿಗೆಯ ಲೆಕ್ಕಕ್ಕೆ ಕೂರಿ.

ಮುಂದಿನದು ಬಾಂಡ್: ಇಂತಿಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಇಂತಿಷ್ಟು ಹಣ ಕೊಡುತ್ತೇನೆ ಎಂಬ ಒಪ್ಪಂದ. ‘ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯಿಲ್ಲ, ಸಹಿ ಹಾಕು’ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುವುದುಂಟು. ಅದು ಸರಿಯಲ್ಲ. ಕರ್ನಾಟಕ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋಗಿದ್ದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷ ಸೇವೆ ಸಲ್ಲಿಸದಿದ್ದರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕಿನ ಅಧಿಕಾರಿ ಹುದ್ದೆಯ ವಿಚಾರ, ಪ್ರತಿ ಖಾಸಗಿ ಬಾಂಡಿಗೂ ಅದನ್ನು ಹಾಗೆಯೇ ಹೊಂದಿಸಲಾಗದು. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬರೆದ ಮೊತ್ತವನ್ನು ಮೀರದಂತೆ ನ್ಯಾಯವಾದಷ್ಟು ಪರಿಹಾರವನ್ನು ಮಾತ್ರ ಪಡೆಯಬಹುದು. ಆದರೆ ಅದನ್ನು ತೀರ್ಮಾನಿಸುವುದು ನ್ಯಾಯಾಲಯ, ಅಲ್ಲಿಯ ತನಕ ಓಡಾಡಬೇಕಾದವರು ನೀವು. ಆದ್ದರಿಂದ ಎಷ್ಟು ವರ್ಷ, ಎಷ್ಟು ಹಣ, ತರಬೇತಿಯ ನಡುವೆಯೇ ಕಂಪನಿ ನಿಮ್ಮನ್ನು ತೆಗೆದುಹಾಕಿದರೂ ಹಣ ಕೇಳುತ್ತಾರೆಯೇ ಎಂಬ ಮೂರಕ್ಕೂ ಪತ್ರದಲ್ಲಿ ಉತ್ತರ ಹುಡುಕಿ. ಬಾಂಡಿನ ಭದ್ರತೆಗೆಂದು ಮೂಲ ಅಂಕಪಟ್ಟಿಯನ್ನು ಅಥವಾ ಸಹಿ ಮಾಡಿದ ಖಾಲಿ ಚೆಕ್ಕನ್ನು ಕೇಳಿದರೆ ಕೊಡಬೇಡಿ.

ಕೊನೆಯದಾಗಿ ಸೇರುವ ದಿನಾಂಕ. 2022ರಲ್ಲಿ ಆಫರ್ ಪಡೆದ ಅನೇಕ ಹೊಸ ಪದವೀಧರರು ಕೆಲಸಕ್ಕೆ ಸೇರಲು ಎರಡು ವರ್ಷದವರೆಗೂ ಕಾದದ್ದು ಪತ್ರಿಕೆಗಳಲ್ಲೇ ವರದಿಯಾಗಿದೆ. ಪತ್ರದಲ್ಲಿ ದಿನಾಂಕದ ಬದಲು ‘ಕಂಪನಿಯ ಅಗತ್ಯಕ್ಕೆ ಅನುಗುಣವಾಗಿ ತಿಳಿಸಲಾಗುವುದು’ ಎಂದಿದ್ದರೆ, ಅದನ್ನು ಒಪ್ಪಿಕೊಂಡು ಉತ್ತರ ಬರೆಯಿರಿ, ತಿಂಗಳಿಗೊಮ್ಮೆ ವಿನಯದಿಂದ ಇಮೇಲ್ ಮೂಲಕ ವಿಚಾರಿಸಿ, ಮತ್ತು ಮುಂದಿನ ಮೇಳಕ್ಕೆ ಹೆಸರು ನೋಂದಾಯಿಸಿ. ಅಲ್ಲಿ ಮೊದಲು ದಿನಾಂಕ ಕೊಟ್ಟ ಇನ್ನೊಂದು ಕಂಪನಿಗೆ ಸೇರಲು ತೀರ್ಮಾನಿಸಿದರೆ, ಮೊದಲಿನ ಕಂಪನಿಗೆ ಎರಡು ಸಾಲಿನ ಇಮೇಲ್ ಬರೆದು ತಿಳಿಸಿ.